ಕಂಬಳಿ ಬಿಟ್ಟೆದ್ದ ಅಪವಾದ

ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಕನ್ನಡದ ಮನೆಗಳಲ್ಲಿ ಮದುವೆಯ ಮಾತಿಗೆ ಹಿರಿಯರು ಕೂರುವುದು ಕಂಬಳಿಯ ಮೇಲೆ. ತಾಂಬೂಲ ಕೈಸೇರುವ ಮೊದಲೇ ಒಬ್ಬರು ಕಂಬಳಿ ಬಿಟ್ಟೆದ್ದರೆ ಸಂಬಂಧ ಒಪ್ಪಲಿಲ್ಲವೆಂದೇ ಅರ್ಥ. ನಾನೊಮ್ಮೆ ಎದ್ದೆ, ತಮ್ಮನ ಮಗನ ಸಂಬಂಧ ಅಲ್ಲಿಗೇ ಮುರಿಯಿತು. ಎಬ್ಬಿಸಿದ್ದು ಅಸಮ್ಮತಿಯಲ್ಲ, ಕಿಬ್ಬೊಟ್ಟೆಯ ಕೆಳಗೆ ವರ್ಷಗಳಿಂದ ಕೆಂಡದಂತೆ ಕೂತಿದ್ದ ನೋವು. ಅದನ್ನು ಬೀಗರೆದುರು ಯಾವ ಬಾಯಲ್ಲಿ ವಿವರಿಸಲಿ?

ಅಂದಿನಿಂದ ನನ್ನ ಹೆಂಡತಿಯ ತಮ್ಮ ಕಂಡಲ್ಲೆಲ್ಲ, "ಕೂತ್ಕೊ ಭಾವಾ, ಎದ್ದುಗಿದ್ದೀಯ, ಮದುವೆ ನಿಂತೋಗುತ್ತೆ" ಎನ್ನತೊಡಗಿದ. ದ್ರಾಕ್ಷಿ ಚಪ್ಪರದ ಕೆಳಗೂ ಅಂದ, ಸಾವಿನ ಮನೆಯಲ್ಲೂ ಅಂದ. ಯಾವುದನ್ನೂ ನಾನು ಮರೆತಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು, ಕೆಟ್ಟ ರೋಗವೇನಿಲ್ಲ, ಅಲ್ಲಿನ ಸ್ನಾಯುಗಳು ಬಿಗಿದುಕೊಂಡಿವೆ ಎಂದು ತೇನಿಯ ಫಿಸಿಯೋಥೆರಪಿಸ್ಟ್ ಹುಡುಗಿಯ ಬಳಿ ಕಳಿಸಿದರು.

"ತಾತಾ, ಸಿಟ್ಟು ಬಂದಾಗಲೆಲ್ಲ ಒಳಗೇ ಮುಷ್ಟಿ ಬಿಗಿಹಿಡೀತೀರ. ಬಿಡೋದು ಕಲೀರಿ."

"ನನಗೆ ಸಿಟ್ಟೇ ಬರುವುದಿಲ್ಲ!" ಎಂದು ಗದರಿದೆ.

ಆದರೂ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಬಿಸಿನೀರಿನ ಟಬ್ಬಿನಲ್ಲಿ ಕೂತೆ. ಮಂಡಿ ಮಡಚಿ ಅಂಗಾತ ಮಲಗಿ, ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಬಿಡುವಾಗ ಕೆಳಗಿನ ಬಿಗಿಯನ್ನೂ ಬಿಟ್ಟೆ. ಕಾಲುವೆಯ ಏರಿಯ ಮೇಲೆ ನಡೆದೆ. ತಿಂಗಳುಗಳಲ್ಲಿ ನೋವು ಇಳಿಯಿತು. ದೀರ್ಘಕಾಲ ಕೂರುವುದಷ್ಟೇ ಕಷ್ಟವಾಗಿ ಉಳಿಯಿತು.

ಅಷ್ಟರಲ್ಲಿ ಮೊಮ್ಮಗಳ ಸಂಬಂಧ ಬಂತು. ನಿಲಕ್ಕೋಟ್ಟೈಯಲ್ಲಿ ಮಲ್ಲಿಗೆ ಬೆಳೆಯುವವರು; ಹುಡುಗ ಅವಳೇ ಮೆಚ್ಚಿದವನು. "ತಾತಾ, ಏನೇ ಆದರೂ ಎದ್ದುಬಿಡಬೇಡಿ" ಎಂದು ಕೈಹಿಡಿದಳು.

ಮಾತಿನ ದಿನ ನಮ್ಮ ಮನೆಯ ಕಂಬಳಿಯ ಮೇಲೆ ನಾನು ಹಾಕಿಕೊಂಡ ದಿಂಬನ್ನು ಭಾವಮೈದುನ ಕಿತ್ತು ಪಕ್ಕಕ್ಕಿಟ್ಟ. "ನಮಗಿಂತ ಎತ್ತರ ಕೂರ್ತೀಯಾ ಭಾವಾ?"

ಗಂಡಿನ ಕಡೆಯವರು ಮಲ್ಲಿಗೆಯ ದರದಿಂದಾರಂಭಿಸಿ ಮುತ್ತಾತನ ಎತ್ತಿನವರೆಗೆ ಮಾತಾಡಿದರು. ಕೆಂಡ ಹೊತ್ತಿತು. ಬಾಗಿಲ ಹಿಂದಿನಿಂದ ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಎಲ್ಲರೆದುರು ಅಂಗಾತ ಮಲಗಿ, ಮಂಡಿ ಮಡಚಿ, ಹೊಟ್ಟೆ ಉಬ್ಬಿಸಿದೆ.

"ಏನ್ ಭಾವಾ, ಇದೇನು ಆಸ್ಪತ್ರೆಯಾ?"

"ಕಂಬಳಿ ಬಿಟ್ಟು ಏಳಬಾರದೆಂಬುದು ಕಟ್ಟಳೆ. ಮಲಗಬಾರದೆಂದು ಯಾವ ಹಿರಿಯ ಹೇಳಿದ್ದಾನೆ, ತೋರಿಸು."

ಬೀಗರ ಹಿರಿಯ ಬಹಳ ಯೋಚಿಸಿ, "ಬೆನ್ನು ಕಂಬಳಿ ಮೇಲೇ ಇದೆಯಲ್ಲ" ಎಂದು ತಾಂಬೂಲವನ್ನು ನನ್ನ ಎದೆಯ ಮೇಲಿಟ್ಟರು. ನೋವು ಸಡಿಲಿತು, ಸಂಬಂಧ ಗಟ್ಟಿಯಾಯಿತು, ಮೊಮ್ಮಗಳು ಬಾಗಿಲ ಹಿಂದೆ ಕಿಸಕ್ಕೆಂದಳು.

ತಾಂಬೂಲದ ಅಡಿಕೆಯೊಂದು ನನ್ನ ಕಂಕುಳಿಗೆ ಉರುಳಿತ್ತು. ಅದನ್ನು ಎತ್ತಿಕೊಡಬೇಕೆಂದು ಭಾವಮೈದುನನಿಗೆ ತೋಚಲಿಲ್ಲ. ಅದೂ ನೆನಪಿದೆ.