ಬಾಗಿಲು ತೆಗೆದು ನೋಡಿ ಬಾ

ಮಾನ್ವಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದಿಡುವ ವಿದ್ಯಾಧೀಶ ಮೊಬೈಲಿನಲ್ಲಿ ರಮ್ಮಿ ಆಡಿ ಹಾಳಾಗುತ್ತಿದ್ದಾನೆ ಎಂದು ಜೊತೆಗಿದ್ದವರೆಲ್ಲ ನಂಬಿದ್ದರು. ಹಾಳಾಗಲಿಕ್ಕೂ ಒಂದಿಷ್ಟು ಧೈರ್ಯ ಬೇಕು, ಅದು ಅವನಲ್ಲಿರಲಿಲ್ಲ. ಮದುವೆಯ ವಯಸ್ಸು ದಾಟಿದ್ದ ಅವನು ಆಡುತ್ತಿದ್ದದ್ದು ಚಿತ್ರವೇ ಇಲ್ಲದ, ಬರೀ ಅಕ್ಷರಗಳ ಆಟ. ಪರದೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತದೆ. ಮುಂದೇನು ಮಾಡಬೇಕೆಂದು ನಾವು ಬರೆಯಬೇಕು. ನಕ್ಷತ್ರಗಳ ನಡುವೆ ದೂರ ಹೊರಟ ಹಡಗು. ಉಳಿದವರೆಲ್ಲ ಯಂತ್ರ ತರಿಸಿದ ದೀರ್ಘ ನಿದ್ದೆಯಲ್ಲಿದ್ದಾರೆ, ಎಚ್ಚರವಿರುವವನು ನೀನೊಬ್ಬನೇ. ತಪ್ಪಿದರೆ ಸಾವು, ಸತ್ತರೆ ಮತ್ತೆ ಮೊದಲಿನಿಂದ.

ಈ ಆಟವನ್ನು ಅವನು ಒಬ್ಬನೇ ಆಡಿದವನಲ್ಲ. ತಾಯಿ ವಿಜಯಾಬಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದ ಮೇಲೆ, ಸಂಜೆ ಹೊತ್ತು ಹೋಗಲೆಂದು ಪರದೆಯ ಮಾತನ್ನು ಕನ್ನಡ ಮಾಡಿ ಹೇಳುತ್ತಿದ್ದ. ಮುದುಕಿ ಮಂಚದ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು.

"ಮಲಗಿದವ್ರನ್ನ ದಾಟಬ್ಯಾಡ, ಬಳಸಿ ಹೋಗು" ಎಂದಳು ಒಮ್ಮೆ. ಬಳಸಿ ಹೋದರೆ ಗೋಡೆಯಲ್ಲೊಂದು ಕಿಂಡಿ ಸಿಕ್ಕಿತು. "ಥಂಡಿ ಅದ ಅಂತಿ, ಅವ್ರಿಗೆ ಹೊಚ್ಚು" ಎಂದಳು. ಹೊದಿಸಲು ಹೋದರೆ ಕೀಲಿ ಕೈಗೆ ಬಂತು. ಎಷ್ಟೋ ಸಲ ಅವಳ ಮಾತು ಆಟಕ್ಕೆ ತಿಳಿಯುತ್ತಲೇ ಇರಲಿಲ್ಲ. ಅರ್ಥವಾಗಲಿಲ್ಲ ಎಂದು ಪರದೆ ಹೇಳಿದರೆ, "ಹಟಮಾರಿ ಅದ, ಬಿಡು" ಎನ್ನುವಳು.

ಆಟದಲ್ಲಿ ಅವರು ಮುಂದೆ ಹೋಗಲಾರದೆ ಸಿಕ್ಕಿಬಿದ್ದದ್ದು ಹಡಗಿನಲ್ಲಿ ಉಳಿದಿದ್ದ ಕೊನೆಯ ಊಟದ ಪೊಟ್ಟಣದ ಹತ್ತಿರ. ವಿಜಯಾಬಾಯಿಯ ಮನೆಯಲ್ಲಿ ಎಲೆ ಹಾಕಿದ ಮೇಲೆ ಒಬ್ಬರು ಬಾಗಿಲ ತನಕ ಹೋಗಿ, ಅತಿಥಿ ಯಾರಾದರೂ ಬಂದಿದ್ದಾರೋ ನೋಡಿ ಬಂದೇ ಊಟಕ್ಕೆ ಕೂಡುವ ಪದ್ಧತಿ.

"ಮದ್ಲ ಬಾಗಲಾ ತಗದು ನೋಡಿ ಬಾ. ಆಮ್ಯಾಲ ಉಣ್ಣು."

"ಅವ್ವಾ, ಹಡಗಿನ ಹೊರಗ ಗಾಳಿನೇ ಇಲ್ಲ. ಯಾರು ಬರ್ತಾರ?"

"ಬರೋದು ಬಿಡೋದು ಅವ್ರಿಗೆ ಬಿಟ್ಟದ್ದು. ನೋಡೋದು ನಮ್ಮ ಕೆಲಸ."

"ನೋಡಿದೆ, ಯಾರೂ ಇಲ್ಲ" ಎಂದು ಸುಳ್ಳು ಹೇಳಿ, ತಿನ್ನು ಎಂದು ಬರೆದ. ಸತ್ತ. ಮತ್ತೆ ಮತ್ತೆ ಆಡಿದರೂ ಅಲ್ಲೇ ಸಾವು. ಮತ್ತೊಮ್ಮೆ ಪೊಟ್ಟಣದ ತನಕ ಬಂದಿದ್ದಾಗ, ಕಾರ್ತಿಕದಲ್ಲಿ, ವಿಜಯಾಬಾಯಿ ಹೋಗಿಬಿಟ್ಟಳು. ಆಟ ಅಲ್ಲೇ ನಿಂತಿತು. ದಿನಾ ಕೆಲಸದ ನಡುವೆಯೂ ಸಂಜೆಯೂ ಅದನ್ನು ತೆರೆದು ನೋಡುತ್ತಿದ್ದ, ಏನೂ ಬರೆಯುತ್ತಿರಲಿಲ್ಲ.

ಗಬ್ಬೂರಿನಿಂದ ಬಸ್ಸಿಗೆ ಬರುವ, ಕಾಲೇಜಿನ ಗ್ರಂಥಾಲಯದ ಆಂಜನೇಯ ಒಂದು ದಿನ ಅವನ ಪರದೆಯನ್ನು ಇಣುಕಿ ನೋಡಿ ನಕ್ಕ. ಆ ಆಟವನ್ನು ಅವನೂ ಆಡಿ ಗೆದ್ದಿದ್ದ.

"ಇದಕ್ಕ ಇಷ್ಟು ದಿನಾ ಏನ್ರಿ? ಪೊಟ್ಣ ಮುರದು ಅರ್ಧ ಮಲಗಿದವ್ರ ಹತ್ರ ಇಡ್ರಿ. ಒಬ್ಬಾಕಿ ಏಳ್ತಾಳ, ಹಡಗ ಆಕೀನೇ ನಡಸ್ತಾಳ. ಆಟ ಮುಗೀತು."

ಅಂದು ಸಂಜೆ ವಿದ್ಯಾಧೀಶ ಒಬ್ಬನಿಗಾಗುವಷ್ಟು ಅನ್ನ ಸಾರು ಮಾಡಿ, ತಟ್ಟೆ ಮುಂದಿಟ್ಟುಕೊಂಡು ಆಂಜನೇಯ ಹೇಳಿದ ಹಾಗೆಯೇ ಬರೆದ. ಒತ್ತುವುದೊಂದು ಬಾಕಿ. ಒತ್ತಿದರೆ ಗೆಲುವು. ಗೆದ್ದ ಮೇಲೆ ಅವ್ವನಿಗೆ ಓದಿ ಹೇಳಲು ಏನೂ ಉಳಿಯುವುದಿಲ್ಲ. ಅವನಿಗೆ ಸಾವಿಗಿಂತ ಅದರ ಭಯವೇ ಹೆಚ್ಚಾಯಿತು.

ಅಷ್ಟನ್ನೂ ಅಳಿಸಿ, ಬಾಗಿಲು ತೆಗೆ ಎಂದು ಬರೆದು ಒತ್ತಿದ.

ಹೊರಗೆ ಯಾರೂ ಇಲ್ಲ, ಗಾಳಿಯೂ ಇಲ್ಲ, ನೀನು ಸತ್ತೆ ಎಂದಿತು ಪರದೆ. ಮೊದಲಿನಿಂದ ಆಡುವೆಯಾ ಎಂದು ಕೇಳಿತು.

"ನೋಡಿದೆ ಅವ್ವಾ. ಯಾರೂ ಇಲ್ಲ" ಎಂದ. ಈ ಸಲ ಅದು ಸುಳ್ಳಾಗಿರಲಿಲ್ಲ.

ಹೂಂ ಎಂದು ಬರೆದ. ನಿನಗೆ ಎಚ್ಚರವಾಯಿತು ಎಂಬ ಮೊದಲ ಸಾಲು ಬಂತು. ಅದನ್ನು ಕನ್ನಡ ಮಾಡಿ, ಖಾಲಿ ಮಂಚಕ್ಕೆ ಕೇಳುವಷ್ಟು ಗಟ್ಟಿಯಾಗಿ ಓದಿದ. ಈ ಸಾಲಿಗೆ ಅವಳು ಮೊಟ್ಟಮೊದಲು ಹೇಳಿದ್ದು ಅವನಿಗೆ ನೆನಪಿತ್ತು: ಎದ್ದಕೂಡಲೆ ಮಾರಿ ತೊಳಕೊ. ಅದನ್ನೇ ಬರೆದ.

ಅರ್ಥವಾಗಲಿಲ್ಲ ಎಂದಿತು ಪರದೆ.

"ಹಟಮಾರಿ ಅದ, ಬಿಡು" ಎಂದ ವಿದ್ಯಾಧೀಶ. ತಟ್ಟೆಯ ಅನ್ನ ಆರಿಹೋಗಿತ್ತು.