ನಿನಗಾಗಿ ಎದ್ದು ನಿಂತವರು

ಬದುಕಿರುವ ನಿನ್ನನ್ನು ನಾನು ಸತ್ತವರ ಲೆಕ್ಕಕ್ಕೆ ಸೇರಿಸಿದೆ, ಗೌರಕ್ಕಾ. ಬಾಯಿಬಿಟ್ಟು ಹೇಳಲಿಲ್ಲ — ಕೈಸನ್ನೆ ಮಾಡಿದೆ. ಅಷ್ಟೇ ಸಾಕಾಯಿತು.

ನಾಲ್ಕು ವರ್ಷದ ಹಿಂದಿನ ಮಾತು. ಗೋಣಿಬಟ್ಟೆಯಲ್ಲಿ ಕೊಕ್ಕೆಯಿಂದ ಉಣ್ಣೆ ಎಳೆದು ನೆಲಹಾಸು ಮಾಡುವವರೆಲ್ಲ ಬೇರೆ ಬೇರೆ ದೇಶಗಳಿಂದ ಇಂಗ್ಲೆಂಡಿನಲ್ಲಿ ಸೇರುತ್ತಾರೆ, ನೀವಿಬ್ಬರೂ ಬನ್ನಿ ಎಂದು, ನಮಗೆ ಈ ಕೆಲಸ ಕಲಿಸಿದ ಬೆಂಗಳೂರಿನ ಮೇಡಂ ನನಗೆ ಫೋನ್ ಮಾಡಿದರು. ಇಬ್ಬರೂ — ಆ ಮಾತನ್ನು ನಿನಗೆ ಮುಟ್ಟಿಸಲಿಲ್ಲ. "ಒಬ್ರುನ್ನೇ ಕರ್ದವ್ರೆ ಕಣಕ್ಕಾ" ಎಂದೆ. ಮೇಡಂ ಹತ್ತಿರ, ನಿನ್ನ ಮನೆಯಲ್ಲಿ ಕಳಿಸುವುದಿಲ್ಲವಂತೆ ಎಂದೆ. ನಮ್ಮೂರು ಕಳ್ಳಂಬೆಳ್ಳದಲ್ಲಿ ಯಾರು ನಮ್ಮ ಹಾಸು ನೋಡಿದರೂ ಚೆಂದವೆಂದು ಕೈಯಿಡುತ್ತಿದ್ದುದು ನೀನು ಮಾಡಿದ ಭಾಗದ ಮೇಲೆ. ಒಮ್ಮೆಯಾದರೂ ನಾನೊಬ್ಬಳೇ...

"ಹೋಗ್ಬಾ ಬುಡು, ನಾನೂ ಬಂದ್ಬುಟ್ರೆ ಕುರಿ ಯಾರ್ ನೋಡ್ತಾರೆ" ಎಂದು ನೀನು ನಕ್ಕು ಚಟ್ನಿಪುಡಿ ಕಟ್ಟಿಕೊಟ್ಟೆ.

ಅಲ್ಲಿ ದೊಡ್ಡ ಹಾಲ್. ಒಬ್ಬೊಬ್ಬರ ಮುಂದೆ ಒಂದೊಂದು ಪುಟ್ಟ ಚೌಕಟ್ಟು. ನಮ್ಮದು ಹಾಗಲ್ಲವಲ್ಲ — ಮಂಚದ ಚೌಕಟ್ಟಿಗೆ ಗೋಣಿ ಬಿಗಿದು, ನೀನು ಆ ತುದಿಯಿಂದ, ನಾನು ಈ ತುದಿಯಿಂದ, ನಡುವೆ ಬಂದು ಸೇರುವುದು. ಎದುರಿಗೆ ನಿನ್ನ ಮುಖವಿಲ್ಲದೆ ನನ್ನ ಕೈ ಓಡಲಿಲ್ಲ. ಮಧ್ಯಾಹ್ನ ಕಿಟಕಿಯ ಪಕ್ಕ ಒಬ್ಬಳೇ ಕುಳಿತು, ಅವರ ಬ್ರೆಡ್ಡಿಗೆ ನಿನ್ನ ಚಟ್ನಿಪುಡಿ ಉದುರಿಸಿಕೊಂಡು ತಿಂದೆ.

ಕೊನೆಯ ದಿನ, ಜೊತೆಗೆ ಬಂದು ಅವರ ಮಾತು ತಿಳಿಸುತ್ತಿದ್ದ ಮೇಡಂ ಜ್ವರವೆಂದು ರೂಮಿನಲ್ಲೇ ಉಳಿದಿದ್ದರು. ಒಬ್ಬ ಅಜ್ಜಿ ಬಂದು, ನಾನು ಊರಿಂದ ಒಯ್ದಿದ್ದ ನಮ್ಮ ಹಾಸನ್ನು ಮಗುಚಿ ನೋಡಿದಳು. ಅರ್ಧ ಬಿಗಿ, ಅರ್ಧ ಸಡಿಲ. ಬಿಗಿಯಾದ ನಿನ್ನ ಭಾಗವನ್ನು ಸವರಿ, ಎರಡು ಬೆರಳೆತ್ತಿ, ನನ್ನ ಪಕ್ಕದ ಖಾಲಿ ಕುರ್ಚಿ ತೋರಿಸಿದಳು. ಇನ್ನೊಬ್ಬಳೆಲ್ಲಿ?

ಊರಲ್ಲಿದ್ದಾಳೆ ಎಂದು ದೂರಕ್ಕೆ ಕೈ ಬೀಸಬಹುದಿತ್ತು. ನಾನು ಮೇಲಕ್ಕೆ ಬೆರಳು ತೋರಿಸಿ ಕೈಮುಗಿದೆ.

ಅಜ್ಜಿಯ ಕಣ್ಣು ತುಂಬಿತು. ಹೋಗಿ ಏನು ಹೇಳಿದಳೋ — ಹಾಲಿನಲ್ಲಿದ್ದವರೆಲ್ಲ ಎದ್ದು ತಲೆತಗ್ಗಿಸಿ ನಿಂತರು. ಆಮೇಲೆ ಒಬ್ಬೊಬ್ಬರೂ ತಮ್ಮ ಉಣ್ಣೆಯಿಂದ ಒಂದೊಂದು ಎಳೆ ಕತ್ತರಿಸಿ ನನ್ನ ಮಡಿಲಿಗೆ ಹಾಕಿದರು. ನಾನು ಸೆರಗೊಡ್ಡಿ ಇಸಿದುಕೊಂಡೆ.

ವಾಪಸು ಬಂದಾಗ ನೀನು ಶಿರಾ ಬಸ್‌ಸ್ಟ್ಯಾಂಡಿಗೇ ಬಂದಿದ್ದೆ.

"ಲೇ ಸರೋಜಿ, ಅಲ್ಲಿ ನನ್ ಹೆಸ್ರು ಹೇಳ್ದಾ, ಇಲ್ಲ ನುಂಗ್ ನೀರ್ ಕುಡುದ್ಬುಟ್ಟಾ?"

"ನಿಂಗೋಸ್ಕರ ಎಲ್ರೂ ಎದ್ ನಿಂತ್ರು ಕಣಕ್ಕಾ."

ಆ ಮಾತನ್ನು ಬೀದಿಗೆಲ್ಲ ಹೇಳಿಕೊಂಡು ತಿರುಗಿದೆ ನೀನು. ಈಗಲೂ ಹೇಳುತ್ತೀಯ. ಆ ಎಳೆಗಳನ್ನು ಅವರ ಉಡುಗೊರೆಯೆಂದು ನಾನು ನಿನಗೆ ಕೊಟ್ಟೆ. ನೀನು ಖುಷಿಯಿಂದ ಹೊಸ ನೆಲಹಾಸಿನೊಳಕ್ಕೆ ಒಂದೊಂದಾಗಿ ಎಳೆಯುತ್ತಿದ್ದರೆ ನಾನು ಎದುರು ತುದಿಯಲ್ಲಿ ಕುಳಿತಿದ್ದೆ. ಅಷ್ಟು ಒಂಟಿಯಾಗಿ ಆ ಪರದೇಶದಲ್ಲೂ ಇರಲಿಲ್ಲ.

ಈಗ ಮತ್ತೆ ಅಲ್ಲಿಗೇ ಕರೆ ಬಂದಿದೆ. ಮೇಡಂಗೆ ಎಲ್ಲವನ್ನೂ ಹೇಳಿ ಈ ಸಲ ನಿನ್ನೊಬ್ಬಳ ಹೆಸರು ಕೊಟ್ಟಿದ್ದೇನೆ. ನಿನಗೆ ಓದಲು ಬಾರದು. ನಾಳೆ ಕೆಲಸಕ್ಕೆ ಕೂರುವ ಮೊದಲು ನಾನೇ ಈ ಪತ್ರ ಓದಿ ಹೇಳುತ್ತೇನೆ. ನೀನು ಎದ್ದು ಹೋದರೆ ತಡೆಯುವುದಿಲ್ಲ. ಆ ಹಾಲಿಗೆ ನೀನು ಕಾಲಿಟ್ಟ ಕೂಡಲೇ ನಾನೆಂಥವಳೆಂದು ಅವರಿಗೆಲ್ಲ ತಿಳಿಯುತ್ತದೆ. ತಿಳಿಯಲಿ. ಆ ಅಜ್ಜಿ ನಿನ್ನ ಕೈಯನ್ನು ಮುಟ್ಟಿ ನೋಡಲಿ.