ಒಂಬತ್ತು ದಿನ ಬೆಚ್ಚಗಿದ್ದ ಕೆಸರು

ಕಡಲ ಸಂಶೋಧನಾಲಯದ ಉಗ್ರಾಣ ನೋಡಿಕೊಳ್ಳುವವನಿಗೆ ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದವರಿಗೆಲ್ಲ ಆತ ಕೆಸರಣ್ಣ. ಸಮುದ್ರದ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಿ, ಬಳಸುವ ಹೋಳನ್ನು ಒಂದು ತಂಪುಕೋಣೆಯಲ್ಲಿಯೂ ಕಾಪಿಡುವ ಹೋಳನ್ನು ಇನ್ನೊಂದರಲ್ಲಿಯೂ ಇಡುವುದು ಅಲ್ಲಿಯ ಪದ್ಧತಿ. ಎರಡರ ಬೀಗದ ಕೈಗಳೂ ಇಪ್ಪತ್ತೆಂಟು ವರ್ಷಗಳಿಂದ ಆತನ ಸೊಂಟದಲ್ಲಿದ್ದವು. "ಹೆಂಡತಿ ಮಕ್ಕಳಿಗೆ ಸೆಕೆ ಆದ್ರೆ ಕೇಳಲ್ಲ, ಮಣ್ಣಿಗೆ ಸೆಕೆ ಆಯ್ತಾ ಅಂತ ದಿನಾ ಹೋಗಿ ನೋಡ್ತೀರಿ" ಎಂದು ಹೆಂಡತಿ ಚುಚ್ಚುತ್ತಿದ್ದಳು.

ಆತನಿಗೊಂದು ಚಟ. ಯಾರೇ ಕೆಸರಿನ ಕೊಳವೆ ಕೇಳಿಕೊಂಡು ಬರಲಿ, ಅದರಿಂದ ಏನು ತಿಳಿಯುತ್ತದೆಂದು ಕೇಳದೆ ಬೀಗ ತೆಗೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಿರಿಯ ವಿಜ್ಞಾನಿಯೊಬ್ಬಳು ಸಪ್ಪೆ ಮೋರೆ ಹಾಕಿಕೊಂಡು ಬಂದಳು. ಸಂಶೋಧನಾ ಅನುದಾನ ಕೋರಿ ಸರಕಾರಕ್ಕೆ ಬರೆದ ಅವಳ ಅರ್ಜಿ, ಹಡಗು ಒದಗಿಸಲಾಗದೆಂಬ ಕಾರಣಕ್ಕೆ ಎರಡು ಸಲ ಹಿಂದಕ್ಕೆ ಬಂದಿತ್ತು. ಮೂರನೆಯ ಸಲವೂ ಹಿಂದಕ್ಕೆ ಬಂದರೆ ಅವಳ ಕೆಲಸವೇ ಮುಗಿಯಿತು. ಕೊನೆಯ ದಿನಾಂಕಕ್ಕೆ ಎಂಟೇ ದಿನ. ತನಗೆ ಆಗುವಂಥ ಹಳೆಯ ಕೊಳವೆ ಏನಾದರೂ ಇದೆಯೇ ಎಂದಳು. ಅದರಿಂದ ಏನು ತಿಳಿಯುತ್ತದೆಂದು ಆತ ವಾಡಿಕೆಯಂತೆ ಕೇಳಿದ. ಸಾಸಿವೆಗಿಂತ ಚಿಕ್ಕ ಚಿಪ್ಪುಗಳು ಕೆಸರಿನಲ್ಲಿರುತ್ತವೆ, ಅವುಗಳಿಂದ ಹಿಂದಿನ ಕಾಲದ ಕಡಲು ಎಷ್ಟು ಬೆಚ್ಚಗಿತ್ತೆಂದು ಲೆಕ್ಕ ಹಾಕಬಹುದು ಎಂದು ಅವಳು ವಿವರಿಸಿದಳು. ಆತ ದಾಖಲೆ ಪುಸ್ತಕ ತಿರುವಿ ಹಾಕಿದ. ಅವಳಿಗೆ ಬೇಕಾದ ಜಾಗದ್ದೇ ಹಳೆಯ ಕೊಳವೆಯೊಂದು ಇತ್ತು. ಹಡಗಿನ ಹಂಗೇ ಬೇಡ. ಅವಳು ಕುಣಿಯುವುದೊಂದು ಬಾಕಿ.

ಆದರೆ ಆತ ಮತ್ತೊಂದು ಪುಸ್ತಕವನ್ನು ಮುಂದಿಟ್ಟ. ಹನ್ನೊಂದು ವರ್ಷಗಳ ಹಿಂದೆ ಬಳಸುವ ಹೋಳುಗಳ ತಂಪುಕೋಣೆಯ ಯಂತ್ರ ಕೆಟ್ಟಿತ್ತು. ಮಂಜುಗಡ್ಡೆ ಹೊತ್ತು ಹೊತ್ತು ಹೆಗಲು ಬಿದ್ದುಹೋದರೂ ಕೆಸರು ಒಂಬತ್ತು ದಿನ ಬೆಚ್ಚಗೇ ಇತ್ತು. ಅದನ್ನು ಆತ ದಿನದಿನವೂ ಬರೆದಿಟ್ಟಿದ್ದ.

ಅವಳ ಮುಖ ಇಳಿಯಿತು. ಬೆಚ್ಚಗಾದ ಕೆಸರಿನಲ್ಲಿ ಹುಳಿ ಹುಟ್ಟಿ ಚಿಪ್ಪು ಕರಗಬಹುದು.

"ಇದನ್ನ ಅರ್ಜೀಲಿ ಬರೀಲೇಬೇಕಾ, ಕೆಸರಣ್ಣ? ಯಾರಿಗೂ ಗೊತ್ತಿಲ್ವಲ್ಲ."

"ನಂಗೆ ಗೊತ್ತಿದೆಯಲ್ಲಮ್ಮ." ಆದರೆ ಹಳೆಯ ಚಟ ಆತನನ್ನು ಬಿಡಲಿಲ್ಲ. "ಅಲ್ಲಾ, ಒಂಬತ್ತು ದಿನಕ್ಕೆ ಎಷ್ಟು ಕರಗುತ್ತೆ?"

ಅದು ಅವಳಿಗೂ ಗೊತ್ತಿರಲಿಲ್ಲ. ಓದಿದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

"ಇದರ ಇನ್ನೊಂದು ಹೋಳು ಕಾಪಿಡೋ ಕೋಣೇಲಿ ತಣ್ಣಗೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಾರದಾ?"

ಕಾಪಿಟ್ಟ ಹೋಳಿನ ಒಂದೊಂದು ಪದರದಿಂದ ಉಗುರಿನಷ್ಟು ಮಾತ್ರ ತೆಗೆಯಲು ನಿಯಮದಲ್ಲಿ ಅವಕಾಶವಿತ್ತು; ಪೂರ್ತಿ ಕೆಲಸಕ್ಕೆ ಸಾಲದಿದ್ದರೂ ಹೋಲಿಸಿ ನೋಡಲು ಅಷ್ಟು ಸಾಕು. ಅರ್ಜಿ ತಲೆಕೆಳಗಾಯಿತು. ಹಡಗಿನ ಪುಟಗಳು ಹೋಗಿ, ಮೊದಲ ಪುಟಕ್ಕೇ ಒಂಬತ್ತು ದಿನಗಳ ಕಥೆ ಬಂದಿತು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುವವರನ್ನು ಈಗ ನೋಡಿದೆ ಎಂದು ನಿರ್ದೇಶಕರು ಗೊಣಗುತ್ತಲೇ ರುಜು ಹಾಕಿದರು.

ಐದು ತಿಂಗಳಿಗೆ ಉತ್ತರ ಬಂದಿತು. ಸದ್ಯಕ್ಕೆ ಆರು ತಿಂಗಳ ಅನುದಾನ. ಚಿಪ್ಪು ಕೆಟ್ಟಿಲ್ಲವೆಂದು ತೋರಿಸಿದರೆ ಮುಂದಿನ ಮೂರು ವರ್ಷದ್ದು.

ಮೊದಲ ದಿನವೇ ಅವಳು ಆತನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಎರಡು ಗಾಜಿನ ಮೇಲೆ ಎರಡು ಚಿಟಿಕೆ. ಬೆಚ್ಚಗಿದ್ದದ್ದು ಯಾವುದೆಂದು ಕೇಳಿದಳು. ಆತ ಬಹಳ ಹೊತ್ತು ನೋಡಿ ಎಡಗಡೆಯದನ್ನು ತೋರಿಸಿದ. ತಪ್ಪಾಗಿತ್ತು. ಅವಳು ಮತ್ತೆ ಮತ್ತೆ ಅದಲುಬದಲು ಮಾಡಿ ಕೇಳಿದಳು. ಒಮ್ಮೆ ಸರಿ, ಎರಡು ಸಲ ತಪ್ಪು.

"ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಾಣ್ತಾವೆ."

"ನನ್ನ ಕಣ್ಣಿಗೂ ಅಷ್ಟೇ. ಆದ್ರೆ ಇದು ಒಂದು ಪದರ, ಇನ್ನೂ ಮೂವತ್ತೊಂಬತ್ತು ಬಾಕಿ ಇವೆ."

ಕೆಸರಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಮುಂದಿನದು ಇಡಮ್ಮ."